ಕೊನೆಯವನ ಮುಷ್ಟಿ

ಇದ್ವಲ್ ಬ್ರೀಜ್ ಎಂಬವನು ಬೈಕಿನಲ್ಲಿ ಹೋಗುವುದನ್ನು ನೋಡಿದವರಿಗೆ ಅವನು ಏನನ್ನೋ ಕಳೆದುಕೊಂಡು ಹುಡುಕುತ್ತಿದ್ದಾನೆ ಅನ್ನಿಸುತ್ತಿತ್ತು. ಅಷ್ಟು ನಿಧಾನ. ವೇಲ್ಸಿನ ರಾಡ್ನರ್ ಬೆಟ್ಟಗಳ ಫಾರಂಗಳಿಗೆ ಕುರಿ ಮೇವಿನ ಲಾರಿ ಓಡಿಸುವುದು ಅವನ ಕೆಲಸವಾಗಿತ್ತು. ಲಾರಿಯ ಎತ್ತರದ ಸೀಟಿನಲ್ಲಿ ಕೂತಾಗ, ಬೇಲಿಗಳ ಸಂದಿನಲ್ಲಿ ನುಸುಳಿ ಮಾಯವಾಗುವ ಮಣ್ಣಿನ ಹಾದಿಗಳು ಕಾಣುತ್ತಿದ್ದವು. ವಾರವಿಡೀ ಅವನ್ನು ಕಣ್ಣಲ್ಲಿ ಗುರುತಿಟ್ಟುಕೊಂಡು, ಭಾನುವಾರ ಚಾಪೆಲ್ಲಿನ ಪ್ರಾರ್ಥನೆ ಮುಗಿದ ಮೇಲೆ ಅಣ್ಣ ಟೆಕ್ವಿನ್ ಜೊತೆ ಅವುಗಳ ಹಿಂದೆ ಬೀಳುತ್ತಿದ್ದ.

ಹಾದಿ ಕಂಡ ಮಾತ್ರಕ್ಕೆ ಬೈಕು ನುಗ್ಗಿಸುವ ಹಾಗಿರಲಿಲ್ಲ. ಅಕ್ಕಪಕ್ಕದ ಎರಡು ಹಾದಿಗಳು ಅವಳಿಗಳಂತೆ ಇರುತ್ತವೆ. ಅದೇ ಕೆಸರು, ಅದೇ ಮುಳ್ಳುಬೇಲಿ, ಅದೇ ಕಲ್ಲು. ಒಂದರಲ್ಲಿ ಬೈಕು ಓಡಿಸುವುದು ಹಕ್ಕು, ಇನ್ನೊಂದರಲ್ಲಿ ಓಡಿಸಿದರೆ ಪೊಲೀಸರು ಬೈಕನ್ನೇ ಎತ್ತಿಕೊಂಡು ಹೋಗುತ್ತಾರೆ. ಅದು ಕಾಲುಹಾದಿಯೋ, ಕುದುರೆಹಾದಿಯೋ, ಗಾಡಿ ಓಡಾಡುವ ಹಳೆಯ ರಸ್ತೆಯೋ ಎಂದು ಜಿಲ್ಲಾ ಕಚೇರಿಯ ನಕಾಶೆಯಲ್ಲಿ ನೋಡಬೇಕು. ಕಾನೂನು ಬಿಗಿಯಾದ ಮೇಲೆ ಒಂದೊಂದೇ ಹಾದಿ ಬೈಕುಗಳಿಗೆ ಮುಚ್ಚಿಹೋಗಿತ್ತು. ಉಳಿದವುಗಳನ್ನು ಅಣ್ಣತಮ್ಮಂದಿರು ಮೊದಲು ನಕಾಶೆಯಲ್ಲಿ ಹುಡುಕುತ್ತಿದ್ದರು, ಆಮೇಲೆ ಕೋಲು ಹಿಡಿದು ನಡೆದು ನೋಡುತ್ತಿದ್ದರು, ಆಮೇಲೆ ಹಾದಿಯ ಪಕ್ಕದ ಫಾರಮ್ಮಿನ ಬಾಗಿಲು ತಟ್ಟಿ ಚಹಾ ಕುಡಿಯುತ್ತಿದ್ದರು. ಬೈಕು ಹೊರಡುತ್ತಿದ್ದದ್ದು ಇಷ್ಟೆಲ್ಲ ಆದ ಮೇಲೆಯೇ.

ಹಾಗೆ ಸಿಕ್ಕಿದ ಹಾದಿಗಳಲ್ಲಿ ಅವರು ಪ್ರಾಣಕ್ಕಿಂತ ಹೆಚ್ಚು ಹಚ್ಚಿಕೊಂಡದ್ದು ದನಗಾಹಿಗಳ ಹಾದಿಯನ್ನು. ಹಿಂದಿನ ಕಾಲದಲ್ಲಿ ದನಗಳನ್ನು ಇಂಗ್ಲೆಂಡಿನ ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದ ಹಾದಿ ಅದು. ಬೆಟ್ಟದ ನೆತ್ತಿಯಿಂದ ಇಳಿದು, ಮರಗಳು ತಲೆ ಕೂಡಿಸಿ ನಿಂತ ಒಂದು ತಗ್ಗನ್ನು ಹಾದು, ಮತ್ತೆ ಏರಿ, ಹೇಮರ್ ಮನೆಯವರ ಫಾರಮ್ಮಿನ ಗೇಟಿನ ಹತ್ತಿರ ಡಾಂಬರು ರಸ್ತೆಗೆ ಸೇರುತ್ತಿತ್ತು. ಅದು ಗಾಡಿಹಾದಿ ಎಂದು ಸಾಬೀತು ಮಾಡಲು ಬ್ರೀಜ್ ಸೋದರರಿಗೆ ವರ್ಷಗಳೇ ಹಿಡಿದವು. ಕೊನೆಗೆ ಊರ ಸಭಾಂಗಣದಲ್ಲಿ ವಿಚಾರಣೆ ನಡೆದಾಗ, ಫಾರಮ್ಮಿನ ಯಜಮಾನಿ ಓಲ್ವೆನ್ ಹೇಮರ್ ಎದ್ದು ನಿಂತು ಹೇಳಿದ್ದಳು: "ಮದುವೆಯಾದ ಹೊಸದರಲ್ಲಿ ನನ್ನ ಗಂಡ ಸೈಡ್‌ಕಾರಿನಲ್ಲಿ ನನ್ನ ಕೂರಿಸ್ಕೊಂಡು ಚಾಪೆಲ್ಲಿಗೆ ಹೋಗ್ತಿದ್ದದ್ದು ಈ ಹಾದೀಲೇ. ನನ್ನ ಹೊಸಾ ಟೋಪಿ ಮೇಲೆಲ್ಲ ಕೆಸರು ಹಾರಿಸಿದ್ದ. ಇದಕ್ಕಿಂತ ಸಾಕ್ಷಿ ಬೇಕಾ?" ಸಭೆಯೆಲ್ಲ ನಕ್ಕಿತ್ತು. ಹಾದಿ ಉಳಿದಿತ್ತು.

ಭಾನುವಾರದ ಗುಂಪಿನಲ್ಲಿ ನಾಲ್ಕೇ ಜನ. ಮುಂದೆ ಮಾಂಸದಂಗಡಿಯ ಗ್ವಿಲಿಮ್, ಬಾಯಿ ಮುಚ್ಚದವನು. ಅವನ ಹಿಂದೆ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸ್ ಡೆಲಿತ್. ಆಮೇಲೆ ಇದ್ವಲ್. ಕೊನೆಗೆ ಟೆಕ್ವಿನ್. ಹಾದಿಯಲ್ಲಿ ನಡೆಯುವವರೋ ಕುದುರೆಯವರೋ ಎದುರಾದರೆ ಬೈಕು ನಿಧಾನ ಮಾಡಿ, ಹಿಂದೆ ಇನ್ನೆಷ್ಟು ಜನ ಬರುತ್ತಿದ್ದಾರೆ ಎಂದು ಎಡಗೈ ಬೆರಳಿನಲ್ಲಿ ತೋರಿಸುವುದು ಈ ಸವಾರರ ಪದ್ಧತಿ. ಗ್ವಿಲಿಮ್ ಮೂರು ಬೆರಳು ಎತ್ತುತ್ತಿದ್ದ, ಡೆಲಿತ್ ಎರಡು, ಇದ್ವಲ್ ಒಂದು. ಟೆಕ್ವಿನ್ ಮುಷ್ಟಿ ತೋರಿಸುತ್ತಿದ್ದ. ಇನ್ನು ಯಾರೂ ಇಲ್ಲ, ನಿಮ್ಮ ಪಾಡಿಗೆ ನೀವು ಹೋಗಬಹುದು ಎಂದು ಅದರ ಅರ್ಥ. ಗೇಟುಗಳದ್ದೂ ಹೀಗೆಯೇ. ಹಿಂದೆ ಒಬ್ಬನಿದ್ದಾನೆಂದರೆ ಅವನಿಗಾಗಿ ತೆರೆದು ಬಿಡಬೇಕು, ಮುಚ್ಚುವ ಜವಾಬ್ದಾರಿ ಕೊನೆಯವನದು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇದ್ವಲ್ ಒಂದು ಬೆರಳು ಎತ್ತಿದ್ದ. ಯೋಚಿಸಿ ಎತ್ತುತ್ತಿರಲಿಲ್ಲ. ಕಣ್ಣು ಮಿಟುಕಿಸಿದ ಹಾಗೆ ಎತ್ತುತ್ತಿದ್ದ.

ಎಲೆ ಉದುರುವ ಕಾಲದ ಒಂದು ಮಂಜಿನ ಮಧ್ಯಾಹ್ನ ಅವನು ಗೇಟಿನ ಬಳಿ ನಿಂತು ಅಣ್ಣನಿಗೆ ಕಾದಿದ್ದ. ಕೆಳಗೆ ತಗ್ಗಿನಲ್ಲಿ ಟೆಕ್ವಿನ್‌ನ ಹಳೆಯ ಬೈಕಿನ ಎಂಜಿನ್ ನಿಂತಲ್ಲೇ ಓಡುತ್ತಿತ್ತು. ಅದರ ಸದ್ದನ್ನು ಯಾರೂ ಬೇರೆ ಬೈಕಿನದೆಂದು ತಿಳಿಯುವ ಹಾಗಿರಲಿಲ್ಲ. ಟಕ್ ಟಕ್ ಟಕ್ ಎಂದು ಬಡಿದು, ನಡುವೆ ಒಂದು ಬಡಿತ ಮರೆತುಹೋದ ಹಾಗೆ ತಪ್ಪಿ, ಮತ್ತೆ ಶುರುವಾಗುತ್ತಿತ್ತು. ಮೂತ್ರಕ್ಕೆ ನಿಂತಿರಬೇಕು ಎಂದುಕೊಂಡ ಇದ್ವಲ್. ಕೈಗವಸು ತೆಗೆದು ಒಂದು ಸಿಗರೇಟು ಸೇದಿದ. ಅದು ಮುಗಿದರೂ ಸದ್ದು ಅಲ್ಲೇ ಇತ್ತು. ಮೇಲೆ ಬರಲಿಲ್ಲ.

ಹಿಂದಿರುಗಿ ಹೋದಾಗ ಬೈಕು ಸ್ಟ್ಯಾಂಡಿನ ಮೇಲೆ ಸರಿಯಾಗಿ ನಿಂತಿತ್ತು. ಪಕ್ಕದ ದಿಣ್ಣೆಗೆ ಒರಗಿ, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಟೆಕ್ವಿನ್ ಕೂತಿದ್ದ. ಎದೆಬಡಿತ ನಿಂತಿತ್ತು. ಎಂಜಿನ್ ನಿಂತಿರಲಿಲ್ಲ. ಅದನ್ನು ಆರಿಸಬೇಕಾದವನು ಇದ್ವಲ್. ಕೀಲಿ ತಿರುಗಿಸಲು ಅವನಿಗೆ ಬಹಳ ಹೊತ್ತು ಬೇಕಾಯಿತು.

ಮುಂದಿನ ಒಂದು ವರ್ಷ ಇದ್ವಲ್ ಬೈಕು ಮುಟ್ಟಲಿಲ್ಲ. ಗ್ವಿಲಿಮ್ ಬಿಡಲಿಲ್ಲ. "ನೀನು ಹುಡುಕಿದ ಹಾದಿ ಕಣೋ ಅದು. ನಾವು ಓಡಾಡ್ಲಿಲ್ಲ ಅಂದ್ರೆ ಜರಿಗಿಡ ಬೆಳೆದು ಮುಚ್ಚಿಹೋಗತ್ತೆ. ಆಮೇಲೆ ನಿನ್ನ ಅಣ್ಣ ಬಂದು ನನ್ನ ಕಿವಿ ಹಿಂಡ್ತಾನೆ" ಎಂದು ಅಂಗಡಿಯಿಂದಲೇ ಕೂಗಿ ಹೇಳಿ ಹೇಳಿ ಎಬ್ಬಿಸಿದ. ಈಗ ಮೂವರು. ಮುಂದೆ ಗ್ವಿಲಿಮ್, ನಡುವೆ ಡೆಲಿತ್. ಕೊನೆಯವನು ಇದ್ವಲ್.

ವಿಷಯ ಮೊದಲು ಎತ್ತಿದವಳು ಹಾದಿಯಲ್ಲಿ ಆಗಾಗ ಎದುರಾಗುತ್ತಿದ್ದ, ಬೂದು ಕುದುರೆ ಏರಿ ಬರುವ ಒಬ್ಬ ಹೆಂಗಸು. ಅವಳು ಪೇಟೆಯ ಚಹಾದಂಗಡಿಯಲ್ಲಿ ಗ್ವಿಲಿಮ್‌ನನ್ನು ಹಿಡಿದು ನಿಲ್ಲಿಸಿದಳು.

"ನಿಮ್ಮ ಹಿಂದಿನವನಿಗೆ ಸ್ವಲ್ಪ ಬೇಗ ಬರೋಕೆ ಹೇಳ್ರೀ. ಕುದುರೆ ಹಿಡ್ಕೊಂಡು ಕಾದು ಕಾದು ನನಗೆ ಕಾಲು ಮರಗಟ್ಟಿಹೋಯ್ತು."

"ಇದ್ವಲ್ಲಾ? ಅವನು ಹುಟ್ಟಿದ್ದೇ ನಿಧಾನ."

"ಇದ್ವಲ್ ನನ್ನ ದಾಟಿ ಹೋದ್ರು. ಅವರ ಹಿಂದಿನವನು."

ಗ್ವಿಲಿಮ್ ಈ ಮಾತನ್ನು ತಮಾಷೆಯೆಂದು ಎಲ್ಲರಿಗೂ ಹೇಳಿ ನಗಿಸಿದ. ಡೆಲಿತ್ ನಗಲಿಲ್ಲ. ಇದ್ವಲ್ ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ಅವನ ಬೈಕಿಗೆ ಕನ್ನಡಿಯಿರಲಿಲ್ಲ. ಕೊಂಬೆಗೆ ತಾಗಿ ಮುರಿದ ಮೇಲೆ ಹೊಸದು ಹಾಕಿಸಿರಲಿಲ್ಲ. ಹಿಂದೆ ಯಾರಿದ್ದಾರೆಂದು ನೋಡುವ ಅಗತ್ಯ ಕೊನೆಯವನಿಗೆ ಇರುವುದಿಲ್ಲವಲ್ಲ.

ಚಳಿಗಾಲ ಮುಗಿಯುತ್ತಾ ಬಂದಿತ್ತು, ಕುರಿಗಳೆಲ್ಲ ಗಬ್ಬವಾಗಿದ್ದವು. ಆಗ ಒಂದು ಭಾನುವಾರ, ಸವಾರಿ ಮುಗಿಸಿ ಮನೆ ತಲುಪುವಷ್ಟರಲ್ಲಿ, ಓಲ್ವೆನ್ ಹೇಮರ್ ಫೋನ್ ಮಾಡಿದಳು.

"ಇದ್ವಲ್, ಬಾ ಇಲ್ಲಿಗೆ. ಈಗಲೇ ಬಾ."

ಅವನು ಹೋದಾಗ ಅವಳು ಅಂಗಳದಲ್ಲೇ ನಿಂತಿದ್ದಳು. ಎಂಬತ್ತು ದಾಟಿದ ಹೆಂಗಸು, ಗಂಡನ ಹಳೆಯ ಕೋಟು ತೊಟ್ಟಿದ್ದಳು. ರಸ್ತೆ ಪಕ್ಕದ ಹುಲ್ಲಿನ ಮೇಲೆ ಒಂದು ಕುರಿ ಬಿದ್ದಿತ್ತು. ಅದರ ಮೇಲೆ ಗೋಣಿ ಹೊದಿಸಿತ್ತು.

"ನಿಮ್ಮವರು ಹೋದ ಮೇಲೆ ಗೇಟು ತೆರೆದೇ ಇತ್ತು. ಮಂದೆ ಎಲ್ಲಾ ರಸ್ತೆಗೆ ಬಂತು. ಮರದ ದಿಮ್ಮಿ ಸಾಗಿಸೋ ಲಾರಿ ಬಂತು. ಹೊಟ್ಟೇಲಿ ಎರಡು ಮರಿ ಇತ್ತು ಇದ್ವಲ್. ಎರಡು."

"ಮಿಸೆಸ್ ಹೇಮರ್, ಗೇಟು ಹಿಡ್ಕೊಂಡಿದ್ದವರು ನೀವೇ ಅಲ್ವಾ? ನೀವು ಕೈ ಬೀಸಿದ್ದು ನೋಡ್ದೆ. ನೀವು ಮುಚ್ತೀರಿ ಅಂತ ನಾನು ಇಳೀಲಿಲ್ಲ."

"ನಾನು ಯಾಕೆ ಮುಚ್ಲಿ? ಹಿಂದೆ ಇನ್ನೊಬ್ಬ ಇದ್ದನಲ್ಲ! ಅವನು ಮುಚ್ಕೊಂಡು ಹೋಗ್ತಾನೆ ಅಂತ ಒಲೆ ನೋಡೋಕೆ ಒಳಗೆ ಹೋದೆ. ಇದು ಮೊದಲ ಸಲ ಅಲ್ಲ. ಹೋದ ತಿಂಗಳೂ ಹಿಂಗೇ ಮಾಡ್ದ. ಆವತ್ತು ನಾಯಿ ಇತ್ತು, ಮಂದೆ ತಿರುಗಿಸ್ತು. ಟೆಕ್ವಿನ್ ಜಾಗಕ್ಕೆ ಯಾವನನ್ನೋ ಸೇರಿಸ್ಕೊಂಡಿದೀರಲ್ಲ, ಅವನಿಗೆ ಗೇಟು ಮುಚ್ಚೋದು ಹೇಳಿಕೊಡೋಕೆ ಆಗ್ಲಿಲ್ವಾ?"

"ಯಾರನ್ನೂ ಸೇರಿಸ್ಕೊಂಡಿಲ್ಲ. ಕೊನೆಯವನು ನಾನೇ."

ಓಲ್ವೆನ್ ಅವನ ಮುಖವನ್ನು ದಿಟ್ಟಿಸಿ ನೋಡಿದಳು. "ನನಗೆ ವಯಸ್ಸಾಗಿದೆ, ನಿಜ. ಹುಚ್ಚು ಹಿಡಿದಿಲ್ಲ. ಕೆಳಗೆ ತಗ್ಗಲ್ಲಿ ಎಂಜಿನ್ ಓಡ್ತಿತ್ತು. ನನ್ನ ಈ ಕಿವೀಲಿ ಕೇಳ್ದೆ." ಆಮೇಲೆ ದನಿ ತಗ್ಗಿಸಿದಳು. "ನೋಡು ಮಗಾ, ಈ ಹಾದಿಗೆ ನಾನೇ ಸಾಕ್ಷಿ ಹೇಳ್ದೋಳು. ಇನ್ನೊಂದು ಸಲ ಈ ಗೇಟು ತೆರೆದಿದ್ರೆ ನಾನೇ ಜಿಲ್ಲಾ ಕಚೇರಿಗೆ ಹೋಗಿ ಬೈಕು ನಿಲ್ಸಿ ಅಂತೀನಿ. ಅವರು ಅದಕ್ಕೇ ಕಾಯ್ತಿದಾರೆ. ನಿನಗೂ ಗೊತ್ತು."

ಅದು ಇದ್ವಲ್‌ಗೆ ಚೆನ್ನಾಗಿ ಗೊತ್ತಿತ್ತು. ಒಮ್ಮೆ ಮುಚ್ಚಿದ ಹಾದಿಯನ್ನು ಯಾರೂ ಮತ್ತೆ ತೆರೆಯುವುದಿಲ್ಲ. ಟೆಕ್ವಿನ್ ಭೂಮಿಯ ಮೇಲೆ ಬಿಟ್ಟುಹೋದದ್ದು ಈ ಹಾದಿ ಒಂದನ್ನೇ. ಹೆಂಡತಿ ಮಕ್ಕಳು ಇರಲಿಲ್ಲ. ಸಮಾಧಿಯ ಕಲ್ಲನ್ನೂ ಇದ್ವಲ್ ಇನ್ನೂ ಹಾಕಿಸಿರಲಿಲ್ಲ. ಏನು ಬರೆಸುವುದೆಂದು ತೋಚಿರಲಿಲ್ಲ.

"ಯಾವನೋ ಪರವಾನಗಿ ಇಲ್ದೋನು ನಮ್ಮ ಹಿಂದೆ ಬೀಳ್ತಿದಾನೆ. ಹಿಡಿಯೋಣ" ಎಂದ ಗ್ವಿಲಿಮ್, ಇದ್ವಲ್ ನಡೆದದ್ದನ್ನು ಹೇಳಿದಾಗ.

ಅವತ್ತೇ ಮೂವರೂ ಹಾದಿಗೆ ಹೋಗಿ ಗುರುತು ನೋಡಿದರು. ಬೆಳಿಗ್ಗೆಯಿಂದ ಮಳೆ ಬಿದ್ದಿರಲಿಲ್ಲ. ತಗ್ಗಿನ ಕೆಸರು ಕಲಸಿದ ಹಿಟ್ಟಿನಂತಿತ್ತು, ಅದರ ಮೇಲೆ ಹಕ್ಕಿ ನಡೆದದ್ದೂ ಕಾಣುತ್ತಿತ್ತು. ಟಯರಿನ ಗೆರೆಗಳು ಮೂರು. ಗ್ವಿಲಿಮ್‌ನದರ ಮೇಲೆ ಡೆಲಿತ್‌ಳದು, ಅದರ ಮೇಲೆ ಇದ್ವಲ್‌ನದು. ಅದರ ಮೇಲೆ ಏನೂ ಇರಲಿಲ್ಲ. ಗ್ವಿಲಿಮ್ ಬಗ್ಗಿ ನೋಡಿದ, ಕೂತು ನೋಡಿದ, ಬೇಲಿಯ ಆಚೆಗೂ ಇಣುಕಿದ.

"ಸರಿ, ಹಾರ್ಕೊಂಡು ಬರ್ತಾನೆ ಅಂತಾಯ್ತು" ಎಂದ.

ಡೆಲಿತ್ ಇದ್ವಲ್‌ನ ತೋಳು ಮುಟ್ಟಿದಳು. "ಇದ್ವಲ್, ನಿನಗೊಂದು ಮಾತು..."

"ಏನು?"

"ಏನಿಲ್ಲ ಬಿಡು. ಆಮೇಲೆ ಹೇಳ್ತೀನಿ."

ಮುಂದಿನ ಭಾನುವಾರ ಇದ್ವಲ್ ಒಂದು ಉಪಾಯ ಮಾಡಿದ. ಇಬ್ಬರನ್ನೂ ಮುಂದೆ ಕಳುಹಿಸಿ ತಾನು ತಗ್ಗಿನಲ್ಲಿ ನಿಲ್ಲುವುದು. ಹಿಂದಿನಿಂದ ಬರುವವನು ಯಾರೇ ಆಗಿರಲಿ, ಅವನನ್ನು ದಾಟಿಯೇ ಹೋಗಬೇಕು. ಗ್ವಿಲಿಮ್ ಬೇಡವೆಂದ. "ಒಬ್ನೇ ಯಾಕೋ? ನಾನೂ ಇರ್ತೀನಿ. ನನ್ನ ಮಾತು ಕೇಳಿದ್ರೆ ದೆವ್ವಕ್ಕೂ ತಲೆನೋವು ಬರತ್ತೆ." ಇದ್ವಲ್ ತಲೆಯಾಡಿಸಿ ಬೇಡವೆಂದ.

ಊಟದ ಹೊತ್ತಿಗೆಲ್ಲ ಬೆಟ್ಟದಿಂದ ಮಂಜು ಇಳಿಯತೊಡಗಿತ್ತು. ಮುಂದೆ ಹೋದ ಎರಡು ಬೈಕುಗಳ ಸದ್ದು ಏರು ಹತ್ತಿ, ಗೇಟು ದಾಟಿ, ಡಾಂಬರಿನ ಮೇಲೆ ತೆಳುವಾಗಿ, ಕರಗಿತು. ಇದ್ವಲ್ ಎಂಜಿನ್ ಆರಿಸಿದ. ಅವನು ನಿಂತಿದ್ದ ಜಾಗದ ಎದುರಿಗೇ ಆ ದಿಣ್ಣೆಯಿತ್ತು. ಅಲ್ಲಿ ಪಾಚಿ ಮತ್ತೆ ಬೆಳೆದಿತ್ತು, ಆದರೂ ಒರಗಿದವನೊಬ್ಬನ ಬೆನ್ನಿನಷ್ಟು ಅಗಲಕ್ಕೆ ಹಸಿರು ಬೇರೆ ಬಣ್ಣದಲ್ಲಿತ್ತು. ಅಥವಾ ಅವನಿಗೆ ಹಾಗೆ ಕಂಡಿತು.

ಮರಗಳಿಂದ ಹನಿ ಬೀಳುವುದು ಕೇಳಿಸುತ್ತಿತ್ತು. ಎಲ್ಲೋ ಕುರಿಯೊಂದು ಕೆಮ್ಮಿತು. ಕುರಿಯ ಕೆಮ್ಮು ಮನುಷ್ಯರ ಕೆಮ್ಮಿನಂತೆಯೇ ಇರುತ್ತದೆ. ಲಾರಿಯವನಾಗಿ ಅದನ್ನು ಜೀವಮಾನವಿಡೀ ಕೇಳಿದ್ದರೂ ಇದ್ವಲ್ ತಟ್ಟನೆ ತಿರುಗಿ ನೋಡಿದ.

ಆಮೇಲೆ ಅದು ಶುರುವಾಯಿತು. ಎಲ್ಲಿಂದ ಎಂದು ಹೇಳಲು ಬರುತ್ತಿರಲಿಲ್ಲ. ದೂರದಿಂದ ಹತ್ತಿರಕ್ಕೆ ಬರುವ ಸದ್ದಲ್ಲ ಅದು. ಮೊದಲಿನಿಂದಲೂ ಅಲ್ಲೇ ಇದ್ದು, ಈಗಷ್ಟೇ ಇವನ ಕಿವಿ ತೆರೆದಂತೆ ಕೇಳಿಸಿತು. ಟಕ್ ಟಕ್ ಟಕ್. ಒಂದು ಬಡಿತ ತಪ್ಪಿತು. ಮತ್ತೆ ಟಕ್ ಟಕ್.

ಇದ್ವಲ್ ತನ್ನ ಬೈಕಿನ ಎಂಜಿನ್ ಮೇಲೆ ಕೈಯಿಟ್ಟು ನೋಡಿದ. ಅದು ಅಲುಗುತ್ತಿರಲಿಲ್ಲ.

"ಟೆಕ್?" ಎಂದ. ಮಂಜಿನಲ್ಲಿ ಅವನ ದನಿ ಎರಡು ಮಾರು ಹೋಗಿ ನಿಂತಿತು. ಸದ್ದು ಹತ್ತಿರವಾಗಲಿಲ್ಲ, ದೂರವೂ ಆಗಲಿಲ್ಲ. ಇವನಿಗಾಗಿ ಕಾಯುತ್ತಿರುವಂತೆ, ನೀನು ಮೊದಲು ಹೊರಡು ಅನ್ನುವಂತೆ, ನಿಂತಲ್ಲೇ ಓಡುತ್ತಿತ್ತು. ಟೆಕ್ವಿನ್ ಯಾವತ್ತೂ ಹಾಗೇ. ತಮ್ಮ ಏರು ಹತ್ತಿದ ಮೇಲೆಯೇ ಅವನು ಕ್ಲಚ್ ಬಿಡುತ್ತಿದ್ದದ್ದು.

ಇದ್ವಲ್ ಬೈಕು ಒದ್ದು ಶುರು ಮಾಡಿ ಏರು ಹತ್ತಿದ. ಹೆದರಿ ಓಡಿದನೋ, ಅಣ್ಣ ಹೇಳಿದಂತೆ ಮುಂದೆ ಹೊರಟನೋ, ಅವನಿಗೇ ತಿಳಿಯಲಿಲ್ಲ.

ಮಂಜಿನ ನಡುವೆ ಗೇಟು ಮೂಡಿತು. ಓಲ್ವೆನ್ ಅದನ್ನು ತೆರೆದು ಹಿಡಿದು ನಿಂತಿದ್ದಳು. ಅವಳ ಹಿಂದೆ, ರಸ್ತೆಯಂಚಿನಲ್ಲಿ, ಡೆಲಿತ್ ಬೈಕಿನ ಮೇಲೆ ಕೂತು ಕಾಯುತ್ತಿದ್ದಳು. ಇದ್ವಲ್ ನಿಧಾನ ಮಾಡಿ ಗೇಟು ದಾಟಿದ.

"ಇವತ್ತೂ ಇದಾನಾ ಅವನು?" ಎಂದು ಕೂಗಿದಳು ಓಲ್ವೆನ್.

ಇದ್ವಲ್ ಬ್ರೇಕು ಒತ್ತಿದ. "ಯಾರು? ನೋಡಿದ್ರಾ? ಯಾರು ಹೇಳಿದ್ದು ನಿಮಗೆ?"

"ಯಾರು ಹೇಳ್ಬೇಕು? ನೀನೇ ಹೇಳ್ತಿದೀಯಲ್ಲೋ. ನಿನ್ನ ಕೈ ನೋಡ್ಕೋ."

ಇದ್ವಲ್ ಕೈ ನೋಡಿಕೊಂಡ. ಎಡಗೈ ಎದೆಯ ಮಟ್ಟಕ್ಕೆ ಎದ್ದಿತ್ತು. ಕೆಸರು ಮೆತ್ತಿದ ಕೈಗವಸಿನಲ್ಲಿ ತೋರುಬೆರಳೊಂದು ನೆಟ್ಟಗೆ ನಿಂತಿತ್ತು. ಅದನ್ನು ಎತ್ತಿದ್ದು ಯಾವಾಗ ಎಂದು ಅವನಿಗೆ ನೆನಪಿರಲಿಲ್ಲ. ಅದು ಬೇರೆ ಯಾರದೋ ಕೈ ಎಂಬಂತೆ ಅವನು ಅದನ್ನೇ ನೋಡಿದ.

"ಪ್ರತಿ ಸಲವೂ?" ಎಂದು ಕೇಳಿದ.

"ಪ್ರತಿ ಸಲವೂ" ಎಂದಳು ಓಲ್ವೆನ್. ಹೇಳಿದ ಮೇಲೆ ಅವಳಿಗೂ ಹೊಳೆಯಿತು. ಅವಳ ಕೈ ಬಾಯಿಗೆ ಹೋಯಿತು. "ಅಯ್ಯೋ ದೇವರೇ. ಇದ್ವಲ್..."

ಅವನು ಡೆಲಿತ್ ಕಡೆ ತಿರುಗಿದ. ಅವಳು ತಲೆ ತಗ್ಗಿಸಿದಳು.

"ನಿನಗೆ ಗೊತ್ತಿತ್ತು."

"ತಿರುವಲ್ಲಿ ನಿನಗೆ ಕಾದು ನಿಂತಾಗೆಲ್ಲ ನೀನು ನನಗೂ ಒಂದು ಬೆರಳು ತೋರಿಸ್ತಿದ್ದೆ. ಮೊದಲ ದಿನದಿಂದ. ಹೇಗೆ ಹೇಳಲಿ ನಾನು? ನೀನು ಬಂದು ಸೇರಿದ ಮೇಲೂ, ಟೆಕ್ವಿನ್‌ಗೆ ಕಾಯೋ ಹಾಗೆ, ನಾನು ಸ್ವಲ್ಪ ಹೊತ್ತು ನಿಂತಿರ್ತಿದ್ದೆ. ಅಷ್ಟೇ ನನ್ನ ಕೈಲಾದದ್ದು." ಅವಳು ಮೂಗು ಒರೆಸಿಕೊಂಡಳು. "ಕುರಿ ಸತ್ತ ದಿನವೇ ಹೇಳ್ಬೇಕಿತ್ತು. ಬಾಯಿಗೆ ಬಂತು, ಹೊರಗೆ ಬರ್ಲಿಲ್ಲ."

ಇದ್ವಲ್ ಎಂಜಿನ್ ಆರಿಸಿದ. ತೆರೆದ ಗೇಟಿನ ಆಚೆ ಹಾದಿ ಕೆಳಗೆ ಇಳಿದು ಬಿಳಿಯಲ್ಲಿ ಮುಗಿದಿತ್ತು. ಹೊಲದಲ್ಲಿ ಕುರಿಗಳು ಒಂದೊಂದಾಗಿ ತಲೆಯೆತ್ತಿ ತಗ್ಗಿನ ಕಡೆ ನೋಡತೊಡಗಿದವು.

"ಹಾಗಾದ್ರೆ ಹಿಂದೆ ಯಾರೂ ಇಲ್ಲ" ಎಂದಳು ಓಲ್ವೆನ್, ಮೆಲ್ಲಗೆ. ಒಂದು ಕ್ಷಣ ಬಿಟ್ಟು, "ಮತ್ತೆ ಅದೇನು ಓಡ್ತಿರೋದು?" ಎಂದಳು.

ಡೆಲಿತ್ ತಗ್ಗಿನ ಕಡೆ ಕಿವಿಗೊಟ್ಟಳು. "ನನಗೇನೂ ಕೇಳ್ತಿಲ್ಲ" ಎಂದಳು.

ಇದ್ವಲ್‌ಗೆ ಕೇಳುತ್ತಿತ್ತು. ಅವನು ಬೈಕಿನಿಂದ ಇಳಿದು ಗೇಟಿನ ಬಳಿಗೆ ಬಂದ. ಓಲ್ವೆನ್ ಪಕ್ಕಕ್ಕೆ ಸರಿದು ಗೇಟನ್ನು ಅವನ ಕೈಗೆ ಬಿಟ್ಟಳು. ಅವಳು ಒತ್ತಾಯ ಮಾಡಲಿಲ್ಲ. ಗೋಣಿ ಹೊದ್ದು ಮಲಗಿದ್ದ ಕುರಿಯ ಮಾತು ಎತ್ತಲಿಲ್ಲ. ಗೇಟು ತೆರೆದೇ ಇದ್ದರೆ ಹಾದಿ ಕೈತಪ್ಪುತ್ತದೆ, ಅಣ್ಣ ಓಡಾಡುವುದಕ್ಕೂ ಜಾಗವಿರುವುದಿಲ್ಲ. ಮುಚ್ಚಿದರೆ ಅಣ್ಣ ಆಚೆ ಉಳಿಯುತ್ತಾನೆ. ಇದ್ವಲ್ ಬಹಳ ಹೊತ್ತು ಹಾಗೇ ನಿಂತಿದ್ದ. ಓಲ್ವೆನ್ ಕೋಟಿನ ಕಾಲರು ಎತ್ತಿಕೊಂಡು ಜೊತೆಗೆ ನಿಂತಳು.

ಕೊನೆಗೆ ಅವನು ಎಡಗೈಯನ್ನು ತಗ್ಗಿನ ಕಡೆ ಚಾಚಿ, ಬೆರಳುಗಳನ್ನು ಒಂದೊಂದಾಗಿ ಮಡಚಿದ. ತೋರುಬೆರಳು ಎಲ್ಲಕ್ಕಿಂತ ಕೊನೆಗೆ ಮಡಚಿಕೊಂಡಿತು. ಮುಷ್ಟಿಯನ್ನು ಮಂಜಿಗೆ ಕಾಣುವಂತೆ ಎತ್ತಿ ಹಿಡಿದ. ಆಮೇಲೆ ಗೇಟನ್ನು ಎಳೆದು ಚಿಲಕ ಹಾಕಿದ.

ಸದ್ದು ನಿಲ್ಲಲಿಲ್ಲ. ಗೇಟಿನ ಹತ್ತಿರಕ್ಕೂ ಬರಲಿಲ್ಲ. ಟಕ್ ಟಕ್ ಎಂದು, ನಡುವೆ ಒಂದನ್ನು ಬಿಟ್ಟು, ಅಲ್ಲೇ ಓಡುತ್ತಿತ್ತು.

"ಒಳಗೆ ಬಾ. ಚಹಾ ಮಾಡ್ತೀನಿ, ನಿನ್ನೆ ಮಾಡಿದ ಕೇಕಿದೆ" ಎಂದಳು ಓಲ್ವೆನ್. "ಕಚೇರಿಗೆ ನಾನೇನೂ ಹೋಗಲ್ಲ. ಗೇಟು ಮುಚ್ಚೋನು ಸಿಕ್ಕಿದನಲ್ಲ, ಸಾಕು."

ಹಾದಿ ಉಳಿಯಿತು. ಇವತ್ತಿಗೂ ಅದರಲ್ಲಿ ಬೈಕು ಓಡಿಸಬಹುದು. ಬೇಸಿಗೆಯಲ್ಲಿ ಟೆಕ್ವಿನ್‌ನ ಸಮಾಧಿಗೆ ಕಲ್ಲು ಬಂತು. ಅದರ ಮೇಲೆ ಹೆಸರಿನ ಕೆಳಗೆ ಒಂದು ಮುಚ್ಚಿದ ಮುಷ್ಟಿ ಕೆತ್ತಿಸಿದ್ದಾನೆ ಇದ್ವಲ್. ಪಾದ್ರಿಗಳು ಇದೇನು ರಾಜಕೀಯವೇ ಎಂದು ಕೇಳಿದಾಗ, "ಅಲ್ಲ ಸ್ವಾಮಿ, ಟ್ರಾಫಿಕ್ಕು" ಎಂದು ಗ್ವಿಲಿಮ್ ಉತ್ತರ ಕೊಟ್ಟನಂತೆ.

ಇದ್ವಲ್ ಈಗಲೂ ಕೊನೆಯವನೇ. ಬೈಕಿಗೆ ಕನ್ನಡಿ ಈಗಲೂ ಇಲ್ಲ. ಜನ ಎದುರಾದರೆ ಎಡಗೈಯನ್ನು ಮೊದಲು ನೋಡಿಕೊಂಡು, ಮುಷ್ಟಿ ಕಟ್ಟಿ, ಆಮೇಲೆ ಎತ್ತುತ್ತಾನೆ. ಓಲ್ವೆನ್ ಗೇಟು ಹಿಡಿದು ನಿಂತಿದ್ದರೂ ತಾನೇ ಇಳಿದು ಚಿಲಕ ಹಾಕುತ್ತಾನೆ. ಹಾಕಿದ ಮೇಲೆ ಕೂಡಲೇ ಹೊರಡುವುದಿಲ್ಲ. ತಗ್ಗಿನಿಂದ ಒಂದು ಬೈಕು ಏರು ಹತ್ತಿ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಚಿಲಕದ ಮೇಲೆ ಕೈಯಿಟ್ಟು ನಿಂತಿರುತ್ತಾನೆ. ರಸ್ತೆಯ ತುದಿಯಲ್ಲಿ ಗ್ವಿಲಿಮ್ ಹಾರ್ನು ಹೊಡೆದು, "ಏನೋ ಅಷ್ಟು ಹೊತ್ತು?" ಎಂದು ಕೂಗುತ್ತಾನೆ.

"ಗೇಟು ಮುಚ್ತಿದ್ದೆ" ಎನ್ನುತ್ತಾನೆ ಇದ್ವಲ್.